ಇಬ್ಸನ್‌ನ ‘ಗೊಂಬೆಮನೆ’ಗೆ ಕಲಬುರಗಿಯ ಒಂದೇ ಮನೆ ಸಾಕಾಯ್ತು

ಹಳೇ ನಾಟಕವನ್ನು ಸಿನಿಮಾ ಮಾಡುವುದಾದರೆ ನನ್ನ ಓಟು ಒಂದೇ ಮನೆಯೊಳಗೆ ತೆಗೆಯುವ ಸಿನಿಮಾಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ರಂಗಮಂದಿರದಲ್ಲಿ ಪ್ರದರ್ಶನ ನಡೆಯುವಾಗಲೇ ಮೂರು ಕ್ಯಾಮೆರಾ ಇಟ್ಟು ರೆಕಾರ್ಡ್ ಮಾಡಿ ನೋಡಿದೆವು. ಊರೆಲ್ಲ ಸುತ್ತಿ ಹೊರಗಡೆ ತೆಗೆದು ನೋಡಿದೆವು. ಕಡೆಗೆ ಕಲಬುರಗಿಯ ಬ್ರಹ್ಮಪುರದ ಹಳೇ ಮನೆಯೊಂದರಲ್ಲಿ ತೆಗೆದದ್ದೇ ಜನರ ಮುಂದೆ ಇಡುವ ಹಾಗೆ ಬಂತು.

ನಾವು ಆರಿಸಿದ್ದು ನಾರ್ವೆಯ ನಾಟಕಕಾರ ಹೆನ್ರಿಕ್ ಇಬ್ಸನ್‌ನ ‘ಗೊಂಬೆಮನೆ’. 1879ರ ಡಿಸೆಂಬರ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಮೊದಲು ಆಡಿದ ನಾಟಕ. ಗಂಡನ ಕಾಯಿಲೆಗಾಗಿ ನಾಯಕಿ ನೋರಾ ಗುಟ್ಟಾಗಿ ಸಾಲ ಮಾಡುತ್ತಾಳೆ. ಜಾಮೀನಿಗೆ ಅಪ್ಪನ ಸಹಿಯನ್ನು ತಾನೇ ಹಾಕುತ್ತಾಳೆ. ಆ ಸಹಿಯ ಕೆಳಗಿನ ತಾರೀಖು ನೋಡಿದರೆ ಅಪ್ಪ ಅಷ್ಟೊತ್ತಿಗೆ ತೀರಿಹೋಗಿದ್ದಾನೆ. ಸಾಲ ಕೊಟ್ಟವನು ಇದನ್ನೇ ಹಿಡಿದು ಕೂರುತ್ತಾನೆ. ಸೊಸೈಟಿ ಸಾಲ, ಜಾಮೀನುದಾರನ ಸಹಿ, ಸೊಲ್ಲಾಪುರದ ಆಸ್ಪತ್ರೆ ಬಿಲ್ಲು ಕಂಡ ನಮ್ಮ ಕಡೆಯವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಅನುಕೂಲವೂ ಇತ್ತು. ನಮ್ಮ ಕಾನೂನಿನ ಪ್ರಕಾರ ಲೇಖಕ ತೀರಿದ 60 ವರ್ಷದ ಮೇಲೆ ಕೃತಿಗೆ ಹಕ್ಕುಸ್ವಾಮ್ಯ ಇರುವುದಿಲ್ಲ. ಇಬ್ಸನ್ ತೀರಿದ್ದು 1906ರಲ್ಲಿ. ಆದರೆ ಕನ್ನಡಕ್ಕೆ ತಂದವರ ಹಕ್ಕು ಬೇರೆ, ಅದು ಅವರದೇ. ಅದಕ್ಕೆ ಹಳೇ ಇಂಗ್ಲಿಷ್ ಅನುವಾದ ಮುಂದಿಟ್ಟುಕೊಂಡು ಕಲಬುರಗಿ ಮಾತಿನಲ್ಲಿ ನಾವೇ ಬರೆದುಕೊಂಡೆವು.

ಮೊದಲನೆಯದು, ರಂಗದ ರೆಕಾರ್ಡಿಂಗ್. ದುಡ್ಡು ಹೆಚ್ಚು ಹೋಗಿದ್ದು ಇದಕ್ಕೇ. ಏಪ್ರಿಲ್ ತಿಂಗಳು, ಬಿಸಿಲು 40 ಡಿಗ್ರಿ ದಾಟಿತ್ತು. ಫ್ಯಾನು ಹಾಕಿದರೆ ಮೈಕಿನ ತುಂಬಾ ಬರೀ ಗರಗರ ಸದ್ದು. ಆರಿಸಿದರೆ ಜನ ಎದ್ದು ಹೋಗುತ್ತಾರೆ. ನಟರ ಗಲ್ಲದ ಮೇಲಿನ ಬಣ್ಣವೂ ಕರಗುತ್ತದೆ. ಅದಿರಲಿ, ಕೊನೇ ಸಾಲಿಗೆ ಕೇಳಲಿ ಅಂತ ಏರಿಸಿದ ದನಿ ಕ್ಲೋಸಪ್ಪಿನಲ್ಲಿ ಜಗಳದ ಹಾಗೆ ಕಾಣುತ್ತದೆ. ಗಂಡ ಹೆಂಡತಿ ಪಿಸುಮಾತಾಡುವ ಜಾಗದಲ್ಲೂ ಕಿರುಚಾಟ. ದಾಖಲೆಗೆ ಇರಲಿ ಅನ್ನುವುದಾದರೆ ಸರಿ, ಸಿನಿಮಾ ಅನ್ನಲಾಗದು.

ಎರಡನೆಯದು, ನಾಟಕವನ್ನು ಹೊರಗೆ ಒಯ್ಯುವುದು. ಅಪ್ಪನ ಕೆರೆ ದಂಡೆ, ಸೂಪರ್ ಮಾರ್ಕೆಟ್, ಸೊಲ್ಲಾಪುರದ ದಾರಿ. ನಮ್ಮ ಕೋಟೆ ಪುರಾತತ್ವ ಇಲಾಖೆಯದ್ದು, ಮೊದಲೇ ಪರವಾನಗಿ ಬೇಕು. ಹಾಗಾಗಿ ಅದನ್ನು ಬಿಟ್ಟೆವು. ತೆಗೆದ ಚಿತ್ರಗಳೇನೋ ಚೆಂದ ಬಂದವು. ಆದರೆ ನೋರಾ ಸಹಿ ಹಾಕುವುದನ್ನು ಮೊದಲ ದೃಶ್ಯದಲ್ಲೇ ತೋರಿಸಿದ ಮೇಲೆ ಉಳಿದದ್ದಕ್ಕೆ ಬಿಗಿ ಎಲ್ಲಿಂದ ಬರಬೇಕು? ಇಬ್ಸನ್ ಹಿಂದೆ ನಡೆದದ್ದನ್ನು ಎಳೆ ಎಳೆಯಾಗಿ ಮಾತಿನಲ್ಲೇ ಬಿಡಿಸುತ್ತಾ ಹೋಗುತ್ತಾನೆ. ಅದನ್ನು ಮುಂದೆ ತಂದಿಟ್ಟರೆ ಜನ ಆಕೆಯ ಜೊತೆ ಹೆದರುವುದಿಲ್ಲ, ಆಕೆ ಯಾವಾಗ ಸಿಕ್ಕಿಬೀಳುತ್ತಾಳೆ ಅಂತ ಕಾಯುತ್ತಾರೆ.

ಎಲ್ಲ ನಾಟಕಕ್ಕೂ ಈ ಮಾತು ನಿಲ್ಲುವುದಿಲ್ಲ. ಪಿ.ಬಿ. ಧುತ್ತರಗಿಯವರ ಕಂಪನಿ ನಾಟಕ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಸಿನಿಮಾ ಆಯಿತು. ರಾಜಕುಮಾರ್ ಎಮ್ಮೆ ಮೇಲೆ ಕೂತು ಹಾಡುವ ಹಾಡಿಗೆ ಊರಿನ ಬಯಲೇ ಬೇಕು. ಹಾಡಿರುವ, ಊರಿರುವ ನಾಟಕವನ್ನು ಧಾರಾಳವಾಗಿ ಹೊರಗೆ ತನ್ನಿ. ‘ಗೊಂಬೆಮನೆ’ಯಲ್ಲಿ ಮನೆಯೇ ಕಥೆ.

ಇನ್ನು ಮೂರನೆಯದು, ಆ ಒಂದು ಮನೆ. ಶಹಾಬಾದ್ ಕಲ್ಲಿನ ನೆಲ, ಗೋಡೆಯಲ್ಲಿ ಗೂಡು, ತೊಲೆಗೆ ಕಟ್ಟಿದ ಜೋಕಾಲಿ. ಕ್ರಿಸ್‌ಮಸ್ ಬದಲು ನಾಗರ ಪಂಚಮಿ ಇಟ್ಟುಕೊಂಡೆವು. ಮೂಲದಲ್ಲಿ ನೋರಾ ಗಂಡನಿಗೆ ಕಾಣದ ಹಾಗೆ ಸಿಹಿ ತಿನ್ನುತ್ತಾಳೆ, ಇಲ್ಲಿ ಶೇಂಗಾ ಉಂಡಿ. ಮೂರು ಮಕ್ಕಳನ್ನು ಒಂದು ಮಾಡಿದೆವು. ಅತ್ತೆಯನ್ನು ಸೇಡಂನ ದೊಡ್ಡ ಮಗನ ಮನೆಗೆ ಕಳಿಸಿದೆವು. ಇಷ್ಟೆಲ್ಲ ಸಲೀಸಾಗಿ ಆಯಿತು.

ತಲೆ ತಿಂದದ್ದು ಪತ್ರ. ಮೂಲದಲ್ಲಿ ಸಾಲ ಕೊಟ್ಟವನು ಎಲ್ಲಾ ಬರೆದು ಗಂಡನ ಅಂಚೆ ಡಬ್ಬಿಗೆ ಹಾಕಿ ಹೋಗುತ್ತಾನೆ. ಡಬ್ಬಿಗೆ ಬೀಗ, ಕೀಲಿ ಗಂಡನ ಹತ್ತಿರ. ಪತ್ರ ಒಳಗಿರುವುದು ನೋರಾಗೆ ಕಾಣುತ್ತದೆ, ಕೈಗೆ ಮಾತ್ರ ಸಿಗುವುದಿಲ್ಲ. ನಾಟಕದ ಉಸಿರೇ ಅದು. ರಂಗದ ಮೇಲೆ ಆ ಡಬ್ಬಿಯನ್ನು ಹಾಗೇ ಇಟ್ಟಿದ್ದೆವು. “ಈಗ ಯಾರ್ ಪತ್ರ ಬರೀತಾರ್ರೀ?” ಅಂತ ಕಾಲೇಜು ಹುಡುಗರು ಕೇಳಿದರು. ನ್ಯಾಯವಾದ ಪ್ರಶ್ನೆ.

ರಿಜಿಸ್ಟರ್ ಪೋಸ್ಟಿನಲ್ಲಿ ನೋಟಿಸ್ ಬರಲಿ ಅಂತ ಬರೆದೆವು. ಮನೆಯಲ್ಲಿ ಇರುವವಳು ಅವಳು. ತಾನೇ ಇಸಿದುಕೊಂಡು ಒಲೆಗೆ ಹಾಕಿದರೆ ಕಥೆ ಮುಗಿಯಿತು. ಹಾಗಾದರೆ ಗಂಡನ ಫೋನಿಗೆ ವಾಟ್ಸಾಪ್ ಮೆಸೇಜು? ಆದರೆ ಇಡೀ ದಿನ ಫೋನು ಕೈಯಲ್ಲೇ ಹಿಡಿದಿರುವ ಮನುಷ್ಯ ಮೆಸೇಜ್ ನೋಡದೆ ಹೇಗಿದ್ದಾನು? ಕರೆಂಟ್ ಹೋಗಿ ಚಾರ್ಜ್ ಮುಗಿಯಲಿ ಅಂದರು ಒಬ್ಬರು, ಫೋನು ನೀರಿಗೆ ಬೀಳಲಿ ಅಂದರು ಇನ್ನೊಬ್ಬರು. ಎರಡೂ ಬರೆಯುವವರಿಗೆ ಅನುಕೂಲ, ನೋಡುವವರಿಗೆ ನಂಬಿಕೆ ಬರುವುದಿಲ್ಲ.

ಉತ್ತರ ಮೂಲದಲ್ಲೇ ಇತ್ತು. ಔತಣಕೂಟದಲ್ಲಿ ತನ್ನ ಕುಣಿತ ಮುಗಿಯುವ ತನಕ ಯಾವ ಕೆಲಸವನ್ನೂ ಮುಟ್ಟಬಾರದು ಅಂತ ನೋರಾ ಗಂಡನಿಂದ ಮಾತು ತೆಗೆದುಕೊಳ್ಳುತ್ತಾಳೆ. ನಮ್ಮವಳು ಜೋಕಾಲಿ ಮೇಲೆ ಕೂತು ಅದೇ ಮಾತು ತೆಗೆದುಕೊಂಡಳು: “ಹಬ್ಬ ಮುಗಿಯೋ ತನಕ ಫೋನ್ ಮುಟ್ಟಬ್ಯಾಡ್ರಿ.” ಆತ ನಗುತ್ತಾ ಫೋನನ್ನು ಗೂಡಿನಲ್ಲಿ ಚಾರ್ಜಿಗೆ ಇಟ್ಟ. ಅಲ್ಲಿಂದಾಚೆ ಗೂಡೇ ಅಂಚೆ ಡಬ್ಬಿ. ಸ್ಕ್ರೀನು ಬೆಳಗಿತು. ಸಾಲ ಕೊಟ್ಟವನ ಹೆಸರು, ಅದರ ಕೆಳಗೆ ನಾಲ್ಕು ನಿಮಿಷದ ವಾಯ್ಸ್ ಮೆಸೇಜು. ಮತ್ತೆ ಕತ್ತಲಾಯಿತು.

ಮೂಲದಲ್ಲಿ ನೋರಾ ಹೇರ್‌ಪಿನ್ನಿನಿಂದ ಡಬ್ಬಿಯ ಬೀಗ ತೆಗೆಯಲು ನೋಡುತ್ತಾಳೆ, ಪಿನ್ನು ಮುರಿಯುತ್ತದೆ, ಮಕ್ಕಳ ಮೇಲೆ ಹೇಳುತ್ತಾಳೆ. ಇಲ್ಲಿ ಮದುವೆ ತಾರೀಖು ಒತ್ತುತ್ತಾಳೆ, ಮಗನ ಹುಟ್ಟಿದ ದಿನ ಒತ್ತುತ್ತಾಳೆ. ಫೋನು ಲಾಕಾಗುತ್ತದೆ.

“ಯಾರ್ ಕೈ ಹಚ್ಚಿದ್ರು ಫೋನಿಗೆ? ಲಾಕ್ ಆಗ್ಯಾದ.”

“ಹುಡುಗ ಆಡಿರ್ಬೇಕು ರೀ.”

ಮೂಲದಲ್ಲಿ ನೋರಾಳ ಗೆಳತಿ ಮಾತಾಡಿದ ಮೇಲೆ ಸಾಲ ಕೊಟ್ಟವನ ಮನಸ್ಸು ಕರಗುತ್ತದೆ. ಪತ್ರ ವಾಪಸ್ ಕೇಳುತ್ತೇನೆ ಅನ್ನುತ್ತಾನೆ. ಬೇಡ, ಈ ಮನೆಯಲ್ಲಿ ಗುಟ್ಟು ಮುಗಿಯಲಿ ಅನ್ನುತ್ತಾಳೆ ಗೆಳತಿ. ನಮ್ಮ ಸಿನಿಮಾದಲ್ಲಿ ಅವನ ಬೆರಳು ‘ಎಲ್ಲರಿಗೂ ಅಳಿಸಿ’ ಅನ್ನುವುದರ ಮೇಲೆ ನಿಂತಿದೆ, ಆಕೆ ಅವನ ಕೈ ಹಿಡಿಯುತ್ತಾಳೆ. 140 ವರ್ಷ ದಾಟಿದ ದೃಶ್ಯ ಒಂದು ಫೋನಿನಲ್ಲಿ ಇಷ್ಟು ಸರಿಯಾಗಿ ಕೂತದ್ದು ಕಂಡು ನನಗೆ ಬಹಳ ಖುಷಿಯಾಯಿತು. ಇದು ರಂಗದ ಮೇಲೆ ಆಗುವ ಕೆಲಸ ಅಲ್ಲ, ಮೂರನೇ ಸಾಲಿಗೇ ಸ್ಕ್ರೀನು ಕಾಣುವುದಿಲ್ಲ. ರಂಗಕ್ಕೆ ಡಬ್ಬಿಯೇ ಸರಿ.

ಕೊನೆಯನ್ನು ಮುಟ್ಟಲಿಲ್ಲ. ಮೂಲದಲ್ಲಿ ನೋರಾ ಗಂಡ ಮಕ್ಕಳನ್ನು ಬಿಟ್ಟು, ಬಾಗಿಲು ಬಡಿದು ಹೊರಡುತ್ತಾಳೆ. ಅವಳು ಮನೆ ಬಿಟ್ಟು ಹೋಗುವುದು ಬೇಡ ಅಂದವರು ಇಲ್ಲೂ ಇದ್ದರು. ಜರ್ಮನಿಯಲ್ಲಿ ಇದೇ ಒತ್ತಾಯ ಬಂದು, ಮಕ್ಕಳ ಮುಖ ನೋಡಿ ಆಕೆ ಉಳಿಯುವ ಇನ್ನೊಂದು ಕೊನೆಯನ್ನು ಇಬ್ಸನ್ ತಾನೇ ಬರೆದುಕೊಟ್ಟ, ಅದನ್ನು ಕಡೆತನಕ ಒಪ್ಪಲಿಲ್ಲ. ಪಂಚಮಿ ಇಟ್ಟದ್ದು ಇಲ್ಲಿ ಕೈ ಹಿಡಿಯಿತು. ಹಬ್ಬಕ್ಕೆ ಓಣಿಯ ಸೊಸೆಯರೆಲ್ಲ ಅಣ್ಣತಮ್ಮಂದಿರ ಜೊತೆ ತವರಿಗೆ ಹೋಗಿ ಬರುತ್ತಾರೆ. ಇವಳಿಗೆ ಅಪ್ಪ ಇಲ್ಲ, ಕರೆಯಲು ಬರುವವರೂ ಇಲ್ಲ. ಬ್ಯಾಗ್ ಹಿಡಿದು ಒಬ್ಬಳೇ ಹೊರಟರೆ “ತವರಿಗೇನವಾ?” ಅಂತ ಪಕ್ಕದ ಮನೆಯಾಕೆ ಕೇಳುತ್ತಾಳೆ. ಬಾಗಿಲು ಬಡಿಯುವ ಸದ್ದಿನಷ್ಟೇ ಜೋರಾಗಿ ನನಗೆ ಆ ಪ್ರಶ್ನೆ ಕೇಳಿಸಿತು.

ಖರ್ಚಿನ ಮಾತಿಗೆ ಬಂದರೆ, ಮನೆ ಗೆಳೆಯರದು, ಕ್ಯಾಮೆರಾ ಒಂದೇ, ಉಳಿದ ದುಡ್ಡು ಒಳ್ಳೇ ಮೈಕಿಗೆ ಹೋಯಿತು. ಮಳೆಗಾಲ ಆದ್ದರಿಂದ ಫ್ಯಾನಿನ ಕಾಟ ಇಲ್ಲ. ನಮ್ಮ ನಟರೆಲ್ಲ ನೌಕರಿ ಮಾಡುವವರು, ಸಂಜೆ ಮೇಲೆ ಸಿಗುತ್ತಾರೆ. ರಾತ್ರಿ ನಡೆಯುವ ಕಥೆಗೆ ಅದೂ ಹೊಂದಿತು. ಹಗಲು ಬಿಡುವಿರುವ, ವ್ಯಾನು ಇರುವ ತಂಡಕ್ಕೆ ಲೆಕ್ಕ ಬೇರೆ ಆದೀತು.

ಯಾದಗಿರಿಯ ಗೆಳೆಯರು ಈಗ ಇಬ್ಸನ್‌ನ 1882ರ ನಾಟಕ ಮಾಡಲು ಹೊರಟಿದ್ದಾರೆ, ಊರಿನ ನೀರು ಕೆಟ್ಟಿದೆ ಅಂತ ಹೇಳಿದ ಡಾಕ್ಟರನ ಮೇಲೇ ಊರು ತಿರುಗಿಬೀಳುವ ಕಥೆ. ಸತ್ಯಜಿತ್ ರೇ ಇದನ್ನೇ ‘ಗಣಶತ್ರು’ ಮಾಡಿದಾಗ ಮೂಲದಲ್ಲಿದ್ದ ಸಾರ್ವಜನಿಕ ಸ್ನಾನಗೃಹದ ನೀರನ್ನು ದೇವಸ್ಥಾನದ ತೀರ್ಥ ಮಾಡಿದರು. ಹೆಚ್ಚಿನ ಭಾಗ ಒಳಗೇ ತೆಗೆದರು. ಗೆಳೆಯರಿಗೆ ಮಾತ್ರ ಬೆಟ್ಟದ ಕೋಟೆ ಮೇಲೆ ಶೂಟಿಂಗ್ ಮಾಡುವ ಆಸೆ. ಮೊದಲು ಡಾಕ್ಟರನ ಮನೆ ಹುಡುಕಿ ಅಂದಿದ್ದೇನೆ. ನಾಲ್ಕನೇ ಅಂಕದ ಸಭೆಗೆ ಒಂದು ಸಮುದಾಯ ಭವನ ಸಿಕ್ಕರೆ ಆಯಿತು.