91 ಪ್ರೀಮಿಯಂ ಅಂತ ನಂಬಿ ವಿಮಾನಕ್ಕೆ ಪೆಟ್ರೋಲ್ ಹಾಕಬೇಡಿ

ಸಣ್ಣ ವಿಮಾನಕ್ಕೆ ಬಂಕ್ ಪೆಟ್ರೋಲ್ ಹಾಕುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ಅಕ್ಟೋಬರ್‌ನಲ್ಲಿ 3,500 ಅಡಿ ಎತ್ತರದಲ್ಲಿ ನನ್ನ ಇಂಜಿನ್ ಕೈಕೊಡುವುದರಲ್ಲಿತ್ತು. ಪಕ್ಕದ ಸೀಟಿನಲ್ಲಿ ಮಗಳಿದ್ದಳು.

ನಾನಿರುವುದು ಅಮೆರಿಕದ ಮಿನೆಸೋಟದಲ್ಲಿ. ಇಬ್ಬರು ಗೆಳೆಯರ ಜೊತೆ ಸೇರಿ ಒಂದು ಹಳೇ ಸೆಸ್ನಾ 150 ಇಟ್ಟುಕೊಂಡಿದ್ದೇವೆ. ಅದರ ಕಾಂಟಿನೆಂಟಲ್ ಓ-200 ಇಂಜಿನ್ 80 ಆಕ್ಟೇನ್ ಇಂಧನದ ಕಾಲದ್ದು (ಆಕ್ಟೇನ್ ಅಂದರೆ ಒತ್ತಡದಲ್ಲಿ ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಶಕ್ತಿಯ ಅಳತೆ). ಈಗ ಏರ್‌ಪೋರ್ಟ್‌ಗಳಲ್ಲಿ ಸಿಗುವುದು ನೀಲಿ ಬಣ್ಣದ 100 ಎಲ್‌ಎಲ್ ಎಂಬ ವಿಮಾನದ ಪೆಟ್ರೋಲ್. ಹೆಸರು 'ಲೋ ಲೆಡ್' (ಕಡಿಮೆ ಸೀಸ) ಅಂತಿದ್ದರೂ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು. ಹಳೇ 80ರಲ್ಲಿ ಇದ್ದದ್ದರ ನಾಲ್ಕು ಪಟ್ಟು ಇದು. ನಮ್ಮ ಇಂಜಿನ್‌ಗೆ ಇಷ್ಟು ಸೀಸ ಜಾಸ್ತಿಯಾಗಿ ಸ್ಪಾರ್ಕ್ ಪ್ಲಗ್‌ಗಳಲ್ಲಿ ಕಟ್ಟಿಕೊಳ್ಳುತ್ತದೆ. ಬೆಲೆಯೂ ಜಾಸ್ತಿ. ಅದಕ್ಕೇ ಕಾರಿನ ಪೆಟ್ರೋಲ್ ಹಾಕಲು ಎಸ್‌ಟಿಸಿ, ಅಂದರೆ ವಿಮಾನದ ಮೂಲ ವಿನ್ಯಾಸದಲ್ಲಿ ಬದಲಾವಣೆಗೆ ಕೊಡುವ ಅಧಿಕೃತ ಅನುಮತಿ ತಗೊಂಡೆವು. ಸೆಸ್ನಾ 150ಕ್ಕೆ ಇದು 1982ರಿಂದಲೂ ಸಿಗುತ್ತಿದೆ. ಆದರೆ ಒಂದು ಖಡಾಖಂಡಿತ ಷರತ್ತು ಇದೆ. ಎಥೆನಾಲ್ ಇರಲೇಕೂಡದು.

ಇಲ್ಲಿನ ಕೆಲವು ಬಂಕ್‌ಗಳಲ್ಲಿ ಎಥೆನಾಲ್ ಇಲ್ಲದ 91 ಆಕ್ಟೇನ್ ಪೆಟ್ರೋಲ್ ಸಿಗುತ್ತದೆ. ನಾವು ಯಾವಾಗಲೂ ಒಂದೇ ಕಡೆ ತರುತ್ತಿದ್ದೆವು. ಆಗಸ್ಟ್‌ನಲ್ಲಿ ಒಂದು ದಿನ ಅಲ್ಲಿ ಸ್ಟಾಕ್ ಇರಲಿಲ್ಲ. ಇನ್ನೊಂದು ಬಂಕ್‌ಗೆ ಹೋದೆ. ಅಲ್ಲೂ 91 ಪ್ರೀಮಿಯಂ ಇತ್ತು. ನಂಬರ್ ಒಂದೇ ಅಲ್ವಾ ಅಂದುಕೊಂಡೆ. ಆದರೂ ಕೌಂಟರ್‌ನಲ್ಲಿದ್ದ ಹುಡುಗನನ್ನು ಕೇಳಿದೆ. "ಪ್ರೀಮಿಯಂನಲ್ಲಿ ಎಥೆನಾಲ್ ಇರೋದಿಲ್ಲ ಸರ್" ಅಂದ. ನಾಲ್ಕು ಕ್ಯಾನ್ ತುಂಬಿಸಿಕೊಂಡು ಬಂದೆ. ಆಕ್ಟೇನ್ ನಂಬರ್ ನೋಡಿ ಎಥೆನಾಲ್ ಇದೆಯೋ ಇಲ್ಲವೋ ಹೇಳಲು ಆಗುವುದಿಲ್ಲ. ಎಥೆನಾಲ್ ಸೇರಿಸಿದರೆ ಆಕ್ಟೇನ್ ಏರುತ್ತದೆ, ಅಷ್ಟೇ. ಪಂಪ್ ಮೇಲೆ ಶೇ. 10 ಎಥೆನಾಲ್ ಅಂತ ಸ್ಟಿಕ್ಕರ್ ಇತ್ತು. ನಾನು ಅದನ್ನು ಓದಿದ್ದು ಎಲ್ಲ ಆದ ಮೇಲೆ.

ವಿಮಾನ ಹೊರಗೇ ನಿಂತಿರುತ್ತದೆ. ರೆಕ್ಕೆ ಮೇಲಿನ ಹಳೇ ಮುಚ್ಚಳಗಳಿಂದ ಮಳೆ ನೀರು ಸ್ವಲ್ಪ ಟ್ಯಾಂಕಿಗೆ ಇಳಿಯುತ್ತದೆ. ಹಾರುವ ಮುಂಚೆ ತಳದಿಂದ ಕಪ್‌ಗೆ ಇಂಧನ ಇಳಿಸಿ ನೋಡುತ್ತೇವಲ್ಲ, ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಎಥೆನಾಲ್ ಸೇರಿದರೆ ಈ ಪರೀಕ್ಷೆಯೇ ಕೈಕೊಡುತ್ತದೆ. ಅದು ನೀರನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ, 15 ಡಿಗ್ರಿಯಲ್ಲಿ ಇಂಧನದ ಸುಮಾರು ಶೇ. 0.5ರಷ್ಟು. ಚಳಿ ಹೆಚ್ಚಾದರೆ ಅಷ್ಟು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಆಗ ನೀರು ಎಥೆನಾಲನ್ನೂ ಎಳೆದುಕೊಂಡು ತಳಕ್ಕೆ ಕೂರುತ್ತದೆ. ಇಂಜಿನ್‌ಗೆ ಪೈಪ್ ಹೋಗುವುದೂ ತಳದಿಂದಲೇ.

ಅವತ್ತು ಬೆಳಿಗ್ಗೆ ಕಪ್‌ನಲ್ಲಿ ಏನೂ ಕಾಣಲಿಲ್ಲ. ಮೇಲೆ ಹೋದಾಗ ಹೊರಗೆ ಸೊನ್ನೆ ಡಿಗ್ರಿ. ಇಪ್ಪತ್ತು ನಿಮಿಷಕ್ಕೆ ಇಂಜಿನ್ ಕೆಮ್ಮಲು ಶುರು ಮಾಡಿತು. ಕಾರ್ಬ್ಯುರೇಟರ್‌ನಲ್ಲಿ ಮಂಜು ಕಟ್ಟಿರಬೇಕು ಅಂತ ಅದಕ್ಕೆ ಬಿಸಿ ಗಾಳಿ ಬಿಡುವ ಕಾರ್ಬ್ ಹೀಟ್ ಎಳೆದೆ. ಸರಿಹೋಗಲಿಲ್ಲ. 2,400ರಲ್ಲಿದ್ದ ಆರ್‌ಪಿಎಂ 1,900ಕ್ಕೆ ಬಂತು. "ಅಪ್ಪ, ಯಾಕೆ ಸೌಂಡ್ ಹಿಂಗಾಯ್ತು?" ಅಂದಳು ಮಗಳು. ಹತ್ತಿರದಲ್ಲೇ ಒಂದು ಸಣ್ಣ ರನ್‌ವೇ ಇತ್ತು. ಅಲ್ಲಿ ಇಳಿಸಿದೆ. ಇಳಿದ ಮೇಲೆ ಕಪ್ ಹಿಡಿದರೆ ಅಡಿಯಲ್ಲಿ ಒಂದು ಬೆರಳಿನಷ್ಟು ಮಸುಕಾದ ನೀರು.

ಮೆಕ್ಯಾನಿಕ್ ಇಂಧನದ ಹೋಸ್ ಬಿಚ್ಚಿ ಒಳಗೆ ಉಗುರಿನಿಂದ ಕೆರೆದ. ಎಥೆನಾಲ್‌ಗೆ ಹಾಳಾದ ಕಪ್ಪು ರಬ್ಬರ್ ಪುಡಿ ಪುಡಿಯಾಗಿ ಉದುರಿತು. ಅದೇ ಪುಡಿ ಇಂಧನ ಸೋಸುವ ಗ್ಯಾಸ್ಕೋಲೇಟರ್ ಜಾಲರಿಯಲ್ಲೂ ಇತ್ತು. ಕಾರ್ಬ್ಯುರೇಟರ್ ಒಳಗಿನ ಫ್ಲೋಟ್ ಇಂಧನ ಹೀರಿ ಭಾರವಾಗಿತ್ತು. ಎಲ್ಲ ಬದಲಿಸಬೇಕಾಯಿತು. ಷರತ್ತು ಮೀರಿದ್ದರಿಂದ ಇನ್ಶೂರೆನ್ಸ್ ಕೇಳುವ ಹಾಗೂ ಇರಲಿಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಗುರುತು ಇರುವ ಗಾಜಿನ ಟ್ಯೂಬ್‌ಗೆ 10 ಎಂಎಲ್ ನೀರು ಹಾಕಿ, ಮೇಲೆ 90 ಎಂಎಲ್ ಪೆಟ್ರೋಲ್ ಹಾಕಿ ಮುಚ್ಚಿ, ಚೆನ್ನಾಗಿ ಅಲ್ಲಾಡಿಸಿ ನಿಲ್ಲಲು ಬಿಡಿ. ನೀರಿನ ಗೆರೆ 10ರಲ್ಲೇ ನಿಂತರೆ ಸರಿ. ಮೇಲೇರಿದರೆ ಎಥೆನಾಲ್ ಇದೆ. ಕ್ಯಾನ್‌ನಲ್ಲಿ ಉಳಿದಿದ್ದ ಪೆಟ್ರೋಲ್ ಹಾಕಿ ನೋಡಿದೆ. ಗೆರೆ 18ರ ಹತ್ತಿರ ಹೋಯಿತು. ಎರಡು ನಿಮಿಷದ ಕೆಲಸ, ಆಗಸ್ಟ್‌ನಲ್ಲೇ ಮಾಡಬೇಕಿತ್ತು. ಈಗ ನಂಬಿಕೆಯ ಬಂಕ್‌ನಿಂದ ತಂದರೂ ಪ್ರತಿ ಕ್ಯಾನ್‌ಗೂ ಮಾಡುತ್ತೇನೆ. ಒಂದೇ ಹೋಸ್‌ನಲ್ಲಿ ಎಲ್ಲ ಗ್ರೇಡ್ ಬರುವ ಪಂಪ್ ಆದರೆ, ಹೋಸ್‌ನಲ್ಲಿ ಉಳಿದದ್ದು ಮೊದಲು ಕಾರಿಗೆ ಹೋಗಲಿ.

ಹೋದ ವಾರ ಮೈಸೂರಿನ ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನು ಹಾರಿಸುವ ಮೈಕ್ರೋಲೈಟ್‌ನಲ್ಲಿ (ತುಂಬಾ ಹಗುರದ ಪುಟ್ಟ ವಿಮಾನ) ರೋಟಾಕ್ಸ್ 912 ಇಂಜಿನ್ ಇದೆ. ರೋಟಾಕ್ಸ್ ಒಪ್ಪಿರುವುದು ಶೇ. 10ರವರೆಗಿನ ಎಥೆನಾಲ್ ಮಾತ್ರ. ನಮ್ಮೂರಿನ ಬಂಕ್‌ಗಳಲ್ಲಿ ಈಗ ಸಿಗುವುದು ಇ20, ಅಂದರೆ ಶೇ. 20 ಎಥೆನಾಲ್ ಇರುವ ಪೆಟ್ರೋಲ್. "ಎಲ್ಲರ ಬೈಕ್ ಓಡ್ತಿದೆಯಲ್ಲೋ, ಇದಕ್ಕೂ ನಡೆಯಲ್ವಾ?" ಅಂದ. ಬೇಡ ಅಂದೆ. 100 ಎಲ್‌ಎಲ್ ಈಗ ನಮ್ಮಲ್ಲೇ ತಯಾರಾಗುತ್ತದೆ, 2022ರಿಂದ ವಡೋದರಾದ ರಿಫೈನರಿಯಲ್ಲಿ. ದುಬಾರಿಯಾದರೂ ಅದನ್ನೇ ಹಾಕು, ಸೀಸ ಇರುವುದರಿಂದ 25 ಗಂಟೆಗೊಮ್ಮೆ ಆಯಿಲ್ ಬದಲಿಸು ಅಂತ ಹೇಳಿದ್ದೇನೆ.