ಸೋಲ್ಡರಿಂಗ್ ಹೊಗೆ ಹೊರಹಾಕಲು ಮೂರು ದಾರಿ: ಕಲಬುರಗಿಯ ಕೋಣೆಯಲ್ಲಿ ಯಾವುದು ನಡೆಯಿತು?

ಕಲಬುರಗಿಯ ಬೇಸಿಗೆಯಲ್ಲಿ ಸೋಲ್ಡರಿಂಗ್ (ಸೀಸ-ತವರದ ತಂತಿ ಕರಗಿಸಿ ಎಲೆಕ್ಟ್ರಾನಿಕ್ ಬೋರ್ಡಿಗೆ ಭಾಗಗಳನ್ನು ಬೆಸೆಯುವ ಕೆಲಸ) ಮಾಡುವವರಿಗೆ ಒಂದು ಇಕ್ಕಟ್ಟು ಇದ್ದೇ ಇದೆ. ಸೀಲಿಂಗ್ ಫ್ಯಾನ್ ಹಾಕಿದರೆ ಹೊಗೆ ಕೋಣೆಯೆಲ್ಲ ಹರಡುತ್ತದೆ. ಆರಿಸಿದರೆ 42 ಡಿಗ್ರಿ ಧಗೆಯಲ್ಲಿ ಕೂರಲಾಗದು, ಹೊಗೆಯೂ ನೇರ ಮೂಗಿಗೇ ಏರುತ್ತದೆ. ಹಾಗಾಗಿ ಮನೆಯಲ್ಲೇ ಮಾಡಬಹುದಾದ ಮೂರು ಬಗೆಯನ್ನು ಕಟ್ಟಿ ನೋಡಿದೆ.

ಈ ಹೊಗೆಯಲ್ಲಿ ಸೀಸ ಇದೆ ಅಂತ ತುಂಬ ಜನ ಹೆದರುತ್ತಾರೆ. ಸೀಸ ಕುದಿಯಲು 1,700 ಡಿಗ್ರಿಗೂ ಜಾಸ್ತಿ ಬಿಸಿ ಬೇಕು. ನಮ್ಮ ಸೋಲ್ಡರಿಂಗ್ ಐರನ್ 350–400 ಡಿಗ್ರಿ ಅಷ್ಟೇ. ಸೀಸ ಬೆರಳಿಗೆ ಅಂಟಿ ಬಾಯಿಗೆ ಹೋಗುತ್ತದೆ, ಅದಕ್ಕೆ ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಹೊಗೆ ಏಳುವುದು ಫ್ಲಕ್ಸ್‌ನಿಂದ, ಅಂದರೆ ಬೆಸುಗೆ ಚೆನ್ನಾಗಿ ಹಿಡಿಯಲೆಂದು ತಂತಿಯೊಳಗೆ ತುಂಬಿರುವ ಪದಾರ್ಥದಿಂದ. ಅದರಲ್ಲಿರುವ ರೋಸಿನ್ ಅಂದರೆ ಪೈನ್ ಮರದ ರಾಳ. ದಿನವೂ ಈ ಹೊಗೆ ಕುಡಿದವರಿಗೆ ಉಬ್ಬಸ ಬರಬಹುದು. ಮೊಬೈಲ್ ರಿಪೇರಿಗೆ ಕೂತಿರುವ ನಮ್ಮ ಹುಡುಗರಿಗೆ ಇದನ್ನು ಯಾರಾದರೂ ಹೇಳಬೇಕು.

ಮೊದಲನೆಯದು ಎಲ್ಲರೂ ಮಾಡುವಂಥದ್ದು: ಹಳೆಯ ಕಂಪ್ಯೂಟರಿನ 120 ಮಿ.ಮೀ. ಫ್ಯಾನ್, ಅದರ ಮುಂದೆ ಕಪ್ಪು ಕಾರ್ಬನ್ ಸ್ಪಂಜು, 12 ವೋಲ್ಟ್ ಅಡಾಪ್ಟರ್. ಅಗ್ಗ, ಸದ್ದಿಲ್ಲ, ಬೇಗ ಆಗುತ್ತದೆ. ಆದರೆ ಸ್ಪಂಜು ವಾಸನೆಯನ್ನು ಸ್ವಲ್ಪ ಹೀರುತ್ತದೆ, ಅಷ್ಟೇ. ಹೊಗೆಯ ಕಣಗಳು ಒಂದು ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಪಾಲು) ಆಸುಪಾಸಿನವು, ಅದರ ತೂತುಗಳಲ್ಲಿ ಸಲೀಸಾಗಿ ದಾಟುತ್ತವೆ. ಮುಖದ ಮುಂದಿದ್ದ ಹೊಗೆ ಫ್ಯಾನಿನ ಹಿಂದೆ ಹೋಗಿ ಅದೇ ಕೋಣೆಯಲ್ಲಿ ಉಳಿಯುತ್ತದೆ.

ಎರಡನೆಯದಕ್ಕೆ ಪ್ಲೈವುಡ್ ಪೆಟ್ಟಿಗೆ ಮಾಡಿ ಎಚ್13 ದರ್ಜೆಯ ಹೆಪಾ ಫಿಲ್ಟರ್ (ಅತಿ ಸಣ್ಣ ಕಣ ಹಿಡಿಯುವ ದಟ್ಟ ಸೋಸಕ), ಅದರ ಹಿಂದೆ ಕಾರ್ಬನ್ ಕಾಳು ಇಟ್ಟೆ. ಹೆಪಾ ಕಣಗಳನ್ನು ನಿಜವಾಗಿ ಹಿಡಿಯುತ್ತದೆ. ತೊಡಕು ಫ್ಯಾನಿನದು. ಕಂಪ್ಯೂಟರ್ ಫ್ಯಾನಿಗೆ ಎಳೆಯುವ ಒತ್ತಡ ತೀರಾ ಕಡಿಮೆ. ಫಿಲ್ಟರ್ ಅಡ್ಡ ಬಂದರೆ ರೆಕ್ಕೆ ಸುಮ್ನೆ ತಿರುಗುತ್ತಿರುತ್ತದೆ, ಗಾಳಿ ಹೋಗುವುದೇ ಇಲ್ಲ. ಅಗರಬತ್ತಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಇದಕ್ಕೆ ಬ್ಲೋವರ್, ಅಂದರೆ ಒತ್ತಡ ಹಾಕಿ ಜೋರಾಗಿ ಎಳೆಯುವ ಫ್ಯಾನ್, ಬೇಕೇ ಬೇಕು. ನಮ್ಮ ಕಡೆಯ ಧೂಳಿಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಮುಂದೆ ಅಗ್ಗದ ಜಾಳಿಗೆ ಬಟ್ಟೆ ಕಟ್ಟದಿದ್ದರೆ ಖರ್ಚು ತಾಳಲಾಗದು. ಕಿಟಕಿಯೇ ಇಲ್ಲದ ಅಂಗಡಿಯವರಿಗೆ ಮಾತ್ರ ನಾನು ಇದನ್ನು ಹೇಳುವೆ.

ಮೂರನೆಯದೇ ಈಗ ನನ್ನ ಟೇಬಲ್ ಮೇಲೆ ನಿಂತಿದೆ. ಗುಜರಿಯಲ್ಲಿ ಸಿಕ್ಕ ಕಾರ್ ಎಸಿ ಬ್ಲೋವರ್, 4 ಇಂಚಿನ ಪಿವಿಸಿ ಪೈಪು, ಕಿಟಕಿಯಿಂದ ಹೊರಗೆ. ಫಿಲ್ಟರೇ ಇಲ್ಲ. 12 ವೋಲ್ಟ್ ಕೊಟ್ಟರೆ ಕಿವಿ ಹರಿಯುವ ಸದ್ದು, ಕರೆಂಟೂ ಜಾಸ್ತಿ ಎಳೆಯುತ್ತದೆ. ಕಂಪ್ಯೂಟರ್ ಎಸ್‌ಎಂಪಿಎಸ್‌ನ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆಯ) 5 ವೋಲ್ಟ್ ಕೊಟ್ಟರೆ ಮೆತ್ತಗೆ ಓಡುತ್ತದೆ, ಟೇಬಲ್ ಕೆಲಸಕ್ಕೆ ಅಷ್ಟೇ ಸಾಕು. ಪೈಪು ಗಿಡ್ಡ ಇರಲಿ, ತಿರುವು ಕಡಿಮೆ ಇರಲಿ. ಹೊರ ತುದಿಗೆ ಜೋಲುವ ಮುಚ್ಚಳ ಹಾಕಿ, ಇಲ್ಲದಿದ್ದರೆ ಬ್ಲೋವರ್ ನಿಂತಾಗ ಧೂಳೆಲ್ಲ ಒಳಗೆ.

ಮೂರಕ್ಕೂ ಅನ್ವಯಿಸುವ ಮಾತು ಒಂದಿದೆ: ಗಾಳಿ ಎಳೆಯುವ ಬಾಯಿ ಹೊಗೆಗೆ ಎಷ್ಟು ಹತ್ತಿರ ಇದೆ ಅನ್ನುವುದು. ಊದಿದರೆ ಒಂದು ಮೊಳ ದೂರದ ದೀಪ ಆರುತ್ತದೆ, ಉಸಿರು ಎಳೆದುಕೊಂಡರೆ ಆರುವುದಿಲ್ಲ ಅಲ್ವಾ? ಇದೂ ಹಾಗೆಯೇ. 4 ಇಂಚಿನ ಬಾಯಿಯಿಂದ 4 ಇಂಚು ದೂರ ಹೋದರೆ ಎಳೆತದ ವೇಗ ಹತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಹಾಗಾಗಿ ಬಾಯಿಯನ್ನು ಬೋರ್ಡಿನ ಪಕ್ಕಕ್ಕೇ ತಂದಿಟ್ಟಿದ್ದೇನೆ, ಸುತ್ತ ಅಗಲವಾದ ರಟ್ಟಿನ ಅಂಚು ಕೊಟ್ಟಿದ್ದೇನೆ. ಅಂಚಿದ್ದರೆ ಹಿಂದಿನ ಗಾಳಿ ನುಗ್ಗದೆ ಮುಂದಿನದೇ ಬರುತ್ತದೆ.

ಕೂಲರ್ ಇದ್ದವರಿಗೆ ಇನ್ನೊಂದು ಅನುಕೂಲ. ಕಿಟಕಿಯ ಕೂಲರ್ ಹೊರಗಿನ ಗಾಳಿಯನ್ನು ಒಳಗೆ ತಳ್ಳುತ್ತದೆ, ಆ ಗಾಳಿಗೆ ಹೋಗಲು ಒಂದು ದಾರಿ ಬೇಕು. ಪೈಪನ್ನು ಎದುರಿನ ಕಿಟಕಿಗೆ ಕೊಟ್ಟರೆ ಕೂಲರೇ ಹೊಗೆಯನ್ನು ಹೊರಗೆ ದೂಡಲು ಕೈಜೋಡಿಸುತ್ತದೆ. ಕೂಲರಿನ ಪಟ್ಟಿಗಳನ್ನು ಮೇಲಕ್ಕೆ ತಿರುಗಿಸಿ, ಗಾಳಿ ನೇರ ಟೇಬಲ್ಲಿಗೆ ಬಡಿಯಬಾರದು.

ಕಾರ್ ಬ್ಲೋವರಿನ ಮೋಟಾರಿನಲ್ಲಿ ಕಾರ್ಬನ್ ಬ್ರಶ್ ಇರುತ್ತದೆ, ಕಿಡಿ ಹಾರುತ್ತದೆ. ಬೋರ್ಡ್ ತೊಳೆಯಲು ಬೇಗ ಹೊತ್ತಿಕೊಳ್ಳುವ ಐಸೊಪ್ರೊಪೈಲ್ ಆಲ್ಕೋಹಾಲ್ ತೆಗೆಯುವಾಗ ಬ್ಲೋವರನ್ನು ಮೊದಲು ಆಫ್ ಮಾಡಿ, ಕಿಟಕಿ ತೆರೆಯಿರಿ, ಬೋರ್ಡ್ ಪೂರ್ತಿ ಆರಿದ ಮೇಲಷ್ಟೇ ಮತ್ತೆ ಹಾಕಿ.