ಫ್ರೀ ಲಾಯರ್ ಅಂತ ಮೂಗು ಮುರೀಬೇಡಿ: ನಮ್ಮ ಜಿಲ್ಲಾ ಕೋರ್ಟಿನ ಕಾನೂನು ನೆರವು ಆಫೀಸು, 5ಕ್ಕೆ 4 ಸ್ಟಾರ್
ಬಿಟ್ಟಿ ಲಾಯರ್ ಹತ್ರ ಏನ್ ಕೆಲ್ಸ ಆಗತ್ತೆ ಅನ್ಕೊಂಡಿದ್ದೋನು ನಾನೇ, ಅದ್ಕೇ ಎರಡು ವರ್ಷ ವೇಸ್ಟ್ ಆಯ್ತು. ಚಿಕ್ಕಪ್ಪನ ಮಗ ಮನೆಗಳ್ಳತನದ ಕೇಸಲ್ಲಿ 2022 ಫೆಬ್ರವರಿಯಿಂದ ಒಳಗಿದ್ದ, ಐಪಿಸಿ 380, ಜಾಸ್ತಿ ಅಂದ್ರೆ 7 ವರ್ಷ. ಟ್ರಯಲ್ ಕುಂಟ್ತಾ ಇತ್ತು, ಶೂರಿಟಿ ನಿಲ್ಲೋಕೆ ಯಾರೂ ಇಲ್ಲ.

2024 ಜುಲೈ 1ಕ್ಕೆ ಸಿಆರ್‌ಪಿಸಿ (ಅರೆಸ್ಟು, ಬೇಲು, ವಿಚಾರಣೆ ಹೆಂಗ್ ನಡೀಬೇಕು ಅನ್ನೋ ಹಳೇ ಕಾನೂನು) ಬದ್ಲು ಬಿಎನ್‌ಎಸ್‌ಎಸ್ ಬಂತಲ್ಲ, ಅದ್ರಲ್ಲಿ ಸೆಕ್ಷನ್ 479 ಅಂತಿದೆ. ಹಿಂದೆ ಯಾವ ಕೇಸಲ್ಲೂ ಶಿಕ್ಷೆ ಆಗಿಲ್ದೇ ಇರೋ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ರೆ ಬಾಂಡ್ ಮೇಲೆ ಬಿಡ್ಬೇಕು. ಹಳೇ ಸಿಆರ್‌ಪಿಸಿ 436ಎ ಪ್ರಕಾರ ಅರ್ಧ ಆಗ್ಬೇಕಿತ್ತು. ಅಂದ್ರೆ ಮೂರೂವರೆ ವರ್ಷ ಇದ್ದಿದ್ದು 2 ವರ್ಷ 4 ತಿಂಗಳಿಗೆ ಇಳೀತು, ನಮ್ಮ ಹುಡುಗ ಅದನ್ನ ಆಗ್ಲೇ ದಾಟಿದ್ದ! ದುಡ್ಡು ಕೊಟ್ಟು ಇಟ್ಕೊಂಡಿದ್ದ ವಕೀಲ್ರು ಮಾತ್ರ "ಅದು ಜುಲೈ ಆದ್ಮೇಲಿನ ಕೇಸಿಗೆ ಕಣ್ರೀ, ನಿಮ್ದು ಹಳೇ ಎಫ್‌ಐಆರ್" ಅಂತ ಹೇಳಿ ಮುಂದಿನ ಡೇಟಿಗೆ ಫೀಸ್ ಕೇಳಿದ್ರು.

ಸೆಪ್ಟೆಂಬರಲ್ಲಿ ಬೇಸತ್ತು ಇಲ್ಲಿಗೆ ಬಂದೆ. ಎರಡು ಗಂಟೆ ಬೆಂಚ್ ಮೇಲೆ ಕೂರ್ಸಿದ್ರು, ಫ್ಯಾನ್ ಇದೆ ಆದ್ರೆ ತಿರುಗಲ್ಲ. ಆಮೇಲೆ ಪ್ಯಾನೆಲ್ ಲಾಯರ್ (ಈ ಆಫೀಸಿನ ಪಟ್ಟೀಲಿರೋ ವಕೀಲ್ರು) ಮೇಡಂ ಪೇಪರ್ ನೋಡಿದ ಐದೇ ನಿಮಿಷಕ್ಕೆ ಹೇಳಿದ್ರು, ಆಗಸ್ಟ್ 23ಕ್ಕೆ ಸುಪ್ರೀಂ ಕೋರ್ಟೇ ಇದು ಹಳೇ ಕೇಸಿಗೂ ಅನ್ವಯ ಆಗತ್ತೆ ಅಂದಿದೆ, ಅರ್ಜಿ ಹಾಕ್ಬೇಕಾಗಿರೋದು ಜೈಲ್ ಸೂಪರಿಂಟೆಂಡೆಂಟು, ನಾವು ನೆನಪಿಸೋಣ ಅಂತ. ಆದ್ರೆ ಗಲ್ಲು ಇಲ್ಲಾ ಜೀವಾವಧಿ ಆಗ್ಬಹುದಾದ ಕೇಸಿಗೆ ಇದಿಲ್ಲ, ಒಂದಕ್ಕಿಂತ ಜಾಸ್ತಿ ಕೇಸ್ ನಡೀತಿದ್ರೂ ಕಷ್ಟ, ಅದನ್ನೂ ಮುಚ್ಚಿಡ್ದೇ ಹೇಳಿದ್ರು.

ನಮ್ ಪಕ್ಕ ಕೂತಿದ್ದ ಅಜ್ಜಿ ಮಗಂದು ಜೀವಾವಧಿ ಶಿಕ್ಷೆ, ಈಗ ಅವಧಿಗೆ ಮುಂಚೆ ಬಿಡೋ ರೂಲ್ಸ್ ಟೈಟ್ ಮಾಡ್ಬಿಟ್ರೆ ಅವ್ನ ಗತಿ ಏನವ್ವಾ ಅಂತ ಅಳ್ತಿದ್ರು. ಮೇಡಂ ಅವರ್ಗೂ ಬಿಡ್ಸಿ ಹೇಳಿದ್ರು, ಶಿಕ್ಷೆ ಆದ ದಿನ ಯಾವ ಪಾಲಿಸಿ ಇತ್ತೋ ಅದೇ ಲೆಕ್ಕ, ಆಮೇಲೆ ಬಂದಿದ್ದು ಕೈದಿಗೆ ಇನ್ನೂ ಅನುಕೂಲ ಆಗೋಹಂಗಿದ್ರೆ ಅದನ್ನ ನೋಡ್ತಾರೆ, 2010ರ ಹರಿಯಾಣ ಸರ್ಕಾರ ಮತ್ತು ಜಗದೀಶ್ ಕೇಸಲ್ಲಿ ಸುಪ್ರೀಂ ಕೋರ್ಟೇ ಹಂಗಂದಿದೆ ಅಜ್ಜಿ ಅಂತ. ಅಜ್ಜಿಗೆ ಎಷ್ಟ್ ಅರ್ಥ ಆಯ್ತೋ, ಅಳು ಅಂತೂ ನಿಂತ್ತು.

ನಮ್ಮ ಹುಡುಗ ದೀಪಾವಳಿಗೆ ಮನೇಲಿದ್ದ. ಕೇಸ್ ಇನ್ನೂ ನಡೀತಿದೆ, ಖರ್ಚಾಗಿದ್ದು ಜೆರಾಕ್ಸಿಗೆ ಮಾತ್ರ.

ಒಂದು ಸ್ಟಾರ್ ಕಟ್ ಮಾಡಿದ್ದು ಕೌಂಟರಲ್ಲಿರೋರ ಸಿಡಿಮಿಡಿಗೆ, ಆಮೇಲೆ ಫೋನ್ ಎತ್ತಲ್ಲ ಅಂತ. ಕಸ್ಟಡೀಲಿ ಇರೋರಿಗೆ ಆದಾಯ ಎಷ್ಟೇ ಇದ್ರೂ ಫ್ರೀ, ಇನ್ಕಮ್ ಸರ್ಟಿಫಿಕೇಟ್ ತನ್ನಿ ಅಂದ್ರೆ ಒಪ್ಕೋಬೇಡಿ. ಕಾನೂನು ನೆರವಿನ ಹೆಲ್ಪ್‌ಲೈನ್ 15100ಕ್ಕೂ ಫೋನ್ ಮಾಡ್ಬಹುದು. ಅರೆಸ್ಟ್ ಆದ ಡೇಟು, ಕೇಸ್ ನಂಬರ್ ಬರ್ಕೊಂಡ್ ಹೋಗಿ, ಊಟದ ಟೈಮಿಗೆ ಮಾತ್ರ ಹೋಗ್ಬೇಡಿ.